ಬಿ. ವಿ. ಕಾರಂತ: ಚಲನಚಿತ್ರ ಸಂಗೀತವೂ ದೆಹಲಿಯ ರಂಗಶಾಲೆಯೂ

ಕಾರಂತ, ಬಾಬುಕೋಡಿ ವೆಂಕಟರಮಣ (1929-2002). ಆಧುನಿಕ ಭಾರತೀಯ ರಂಗಭೂಮಿಯ ಅಗ್ರಗಣ್ಯ ನಿರ್ದೇಶಕರಲ್ಲೊಬ್ಬರು, ಚಲನಚಿತ್ರ ನಿರ್ದೇಶಕರು, 1976 ಮತ್ತು 1977ರ ಚಿತ್ರಗಳಿಗೆ ಸಂಬಂಧಿಸಿದಂತೆ ಬೆನ್ನುಬೆನ್ನಿಗೆ ಎರಡು ಬಾರಿ ಅತ್ಯುತ್ತಮ ಸಂಗೀತ ನಿರ್ದೇಶನದ ರಾಷ್ಟ್ರಪ್ರಶಸ್ತಿಗೆ ಪಾತ್ರರಾದ ಸಂಗೀತ ಸಂಯೋಜಕರು. ನಾಟಕಕಾರ್ಯದ ವೈಪುಲ್ಯದಲ್ಲಿ ಇವರ ಚಿತ್ರಸಂಗೀತವು ಆನುಷಂಗಿಕವೆಂಬಂತೆ ತೋರಿ, ಜೀವನಚರಿತ್ರಕಾರರಿಂದ ಒಂದೆರಡು ವಾಕ್ಯಗಳಷ್ಟೇ ಮನ್ನಣೆ ಪಡೆದಿರುವುದುಂಟು. ಆದರೆ ಹಾಡನ್ನೇ ಸಂಗೀತವೆಂದು ಭಾವಿಸಿದ್ದ ಉದ್ಯಮವೊಂದರ ಮಗ್ಗುಲಲ್ಲಿ ನಿಂತು, ಹಾಡಿಲ್ಲದೆಯೂ ಚಿತ್ರಕ್ಕೆ ಸಂಗೀತವಿರಬಹುದೆಂಬುದನ್ನು ಕನ್ನಡದಲ್ಲಿ ಸಾಧಿಸಿ ತೋರಿದವರಲ್ಲಿ ಕಾರಂತರು ಪ್ರಮುಖರಾದುದರಿಂದಲೂ, ಆ ಸಾಧನೆಗೆ ಬೇಕಾದ ಶಿಕ್ಷಣದ ಬಹುಭಾಗವು ಕರ್ನಾಟಕದಲ್ಲಲ್ಲದೆ ದೆಹಲಿಯಲ್ಲಿ ನಡೆದುದರಿಂದಲೂ, ಈ ವಿಷಯವನ್ನು ಪ್ರತ್ಯೇಕವಾಗಿ ವಿವೇಚಿಸುವುದು ಯುಕ್ತವಾಗಿದೆ.

ಕಾರಂತರು ಹುಟ್ಟಿದ್ದು ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನ ಮಂಚಿಯ ಸಮೀಪದ ಬಾಬುಕೋಡಿಯಲ್ಲಿ. ಚಂಡೆಯ ಪೆಟ್ಟು ಬೆಟ್ಟದ ಆಚೆಯಿಂದಲೇ ಯಕ್ಷಗಾನದ ಆಟದ ವಾರ್ತೆಯನ್ನು ತರುವ ಆ ಸೀಮೆಯಲ್ಲಿ, ಭಾಗವತರ ಪದ್ಯವು ಮುಗಿಯುವುದಕ್ಕೂ ವೇಷಧಾರಿಯ ಮಾತು ತೊಡಗುವುದಕ್ಕೂ ನಡುವೆ ಇರುವ ಆ ಕ್ಷಣಮಾತ್ರದ ವಿರಾಮವನ್ನು ತುಂಬಬಲ್ಲುದು ಮದ್ದಳೆಯೊಂದೇ ಎಂಬ ಅರಿವು ಮಕ್ಕಳಿಗೆ ಯಾರೂ ಕಲಿಸದೆಯೇ ಬರತಕ್ಕದ್ದು. ಮೂರನೆಯ ತರಗತಿಯಲ್ಲಿದ್ದಾಗಲೇ ಶಾಲೆಯ ನಾಟಕದಲ್ಲಿ ಬಣ್ಣ ಹಚ್ಚಿದ ಹುಡುಗನು ಮುಂದೆ ಮನೆ ಬಿಟ್ಟು ಓಡಿಹೋಗಿ ಗುಬ್ಬಿ ವೀರಣ್ಣನವರ ಕಂಪನಿಯನ್ನು ಸೇರಿದನು. ಕನ್ನಡ ಚಿತ್ರರಂಗದ ಅನೇಕ ಪ್ರಸಿದ್ಧರು ಹಾದುಬಂದಿರುವ ಆ ಕಂಪನಿಯಲ್ಲಿ ನಾಟಕವೆಂದರೆ ಅರ್ಧ ಸಂಗೀತ. ಪರದೆ ಏಳುವ ಮೊದಲೇ ಲೆಗ್ ಹಾರ್ಮೋನಿಯಮ್ಮಿನ ಮುಂದೆ ಕುಳಿತವನು ಸಭೆಯನ್ನು ವಶಪಡಿಸಿಕೊಂಡಿರಬೇಕು. ಯುವಕನ ಬುದ್ಧಿಚಾತುರ್ಯವನ್ನು ಕಂಡ ವೀರಣ್ಣನವರು, ಇಂತಹವನನ್ನು ಕಂಪನಿಯಲ್ಲಿಯೇ ಉಳಿಸಿಕೊಳ್ಳುವ ಲೋಭಕ್ಕೆ ಒಳಗಾಗದೆ, ಉನ್ನತ ವ್ಯಾಸಂಗಕ್ಕೆಂದು ಕಾಶಿಗೆ ಕಳುಹಿಸಿದುದು ವೃತ್ತಿರಂಗಭೂಮಿಯ ಇತಿಹಾಸದಲ್ಲಿ ಒಂದು ಅಪೂರ್ವ ಔದಾರ್ಯವೆಂದೇ ಹೇಳಬೇಕು. ಬನಾರಸ್ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಹಿಂದಿಯ ಸ್ನಾತಕೋತ್ತರ ವ್ಯಾಸಂಗವನ್ನು ನಡೆಸುತ್ತಲೇ, ಅಲ್ಲಿನ ಸಂಗೀತ ವಿಭಾಗವನ್ನು ಕಟ್ಟಿದ ಪಂಡಿತ ಓಂಕಾರನಾಥ ಠಾಕೂರರಲ್ಲಿ ಕಾರಂತರು ಹಿಂದುಸ್ತಾನಿ ಸಂಗೀತವನ್ನು ಅಭ್ಯಾಸ ಮಾಡಿದರು. ಒಂದೊಂದು ಸ್ವರವೂ ಒಂದೊಂದು ಭಾವದ ಅಭಿನಯವೆಂಬಂತೆ ಹಾಡುತ್ತಿದ್ದ ಆ ಗಾಯಕರ ಶಿಷ್ಯವೃತ್ತಿಯು ನಾಟಕದ ಹುಚ್ಚು ಹಿಡಿದವನಿಗೆ ಒದಗಿಬಂದುದು ಸುಯೋಗವೇ ಸರಿ.

ಕಾಶಿಯಿಂದ ಮುಂದಿನ ಹಾದಿ ದೆಹಲಿಗೆ. ಸಂಗೀತ ನಾಟಕ ಅಕಾಡೆಮಿಯ ಆಶ್ರಯದಲ್ಲಿ 1959ರಲ್ಲಿ ಆರಂಭವಾಗಿದ್ದ ರಾಷ್ಟ್ರೀಯ ನಾಟಕ ಶಾಲೆಯನ್ನು ಸೇರಿ, 1962ರಲ್ಲಿ ಕಾರಂತರು ಅಲ್ಲಿಂದ ಪದವೀಧರರಾಗಿ ಹೊರಬಂದರು. ಇಬ್ರಾಹಿಂ ಅಲ್ಕಾಜಿಯವರು ಆ ಶಾಲೆಯ ನಿರ್ದೇಶಕತ್ವವನ್ನು ವಹಿಸಿಕೊಂಡುದೂ ಅದೇ ವರ್ಷ. ಆ ಕಾಲದ ದೆಹಲಿಯು ಸಂಗೀತದ ವಿಷಯದಲ್ಲಿ ವಿಚಿತ್ರವಾದ ಊರಾಗಿತ್ತು. 1952ರಿಂದ ಹತ್ತು ವರ್ಷ ವಾರ್ತಾ ಮತ್ತು ಪ್ರಸಾರ ಸಚಿವರಾಗಿದ್ದ ಬಿ. ವಿ. ಕೇಸ್ಕರರು ಆಕಾಶವಾಣಿಯಿಂದ ಚಿತ್ರಗೀತೆಗಳನ್ನು ದೂರವಿಡಲು ಯತ್ನಿಸಿದುದೂ, ಶ್ರೋತೃಗಳು ರೇಡಿಯೋ ಸಿಲೋನಿನ ಕಡೆಗೆ ಗುಳೆಯೆದ್ದುದೂ, ಕಡೆಗೆ 1957ರಲ್ಲಿ ವಿವಿಧ ಭಾರತಿಯು ಪ್ರಾರಂಭವಾಗಬೇಕಾಗಿ ಬಂದುದೂ ಸುವಿದಿತ. ಅದಕ್ಕೂ ಮೊದಲೇ, 1940ರಲ್ಲಿ, ಹಾರ್ಮೋನಿಯಮ್ಮಿಗೆ ಆಕಾಶವಾಣಿಯು ಬಹಿಷ್ಕಾರ ಹಾಕಿತ್ತು. ಸುಮಾರು ಮೂರು ದಶಕ ಅದು ತೆರವಾಗಲಿಲ್ಲ. ಕಂಪನಿ ನಾಟಕದ ಪ್ರಾಣವಾಗಿದ್ದ ವಾದ್ಯವನ್ನೂ ಜನರ ಬಾಯಲ್ಲಿದ್ದ ಹಾಡನ್ನೂ ಅಧಿಕೃತ ಸಂಸ್ಕೃತಿಯು ಹೀಗೆ ಅನಾದರಿಸುತ್ತಿದ್ದ ನಗರದಲ್ಲಿ, ಅವೆರಡರ ಋಣವನ್ನೂ ಹೊತ್ತ ಗುಬ್ಬಿ ಕಂಪನಿಯ ಹುಡುಗನೊಬ್ಬನು ಪಾಶ್ಚಾತ್ಯ ಶಿಸ್ತಿನ ನಾಟ್ಯಶಿಕ್ಷಣವನ್ನು ಪಡೆಯುತ್ತಿದ್ದನೆಂಬುದನ್ನು ಜ್ಞಾಪಕದಲ್ಲಿಡಬೇಕು.

ಅಲ್ಕಾಜಿಯವರ ಶಾಲೆಯಲ್ಲಿ ಪ್ರಧಾನವಾಗಿದ್ದುದು ಕಣ್ಣು: ದೃಶ್ಯವಿನ್ಯಾಸ, ಬೆಳಕು, ನಟನ ನಿಲುವು, ರಂಗದ ವಾಸ್ತುರಚನೆ. ಕಿವಿಯನ್ನು ಕಾರಂತರು ಊರಿನಿಂದಲೇ ತಂದಿದ್ದರು. ದೆಹಲಿ ಕಲಿಸಿದ್ದು ಬೇರೆಯೇ ಒಂದು ಪಾಠ. ಕನ್ನಡವನ್ನರಿಯದ ಪ್ರೇಕ್ಷಕನ ಮುಂದೆ ಕನ್ನಡದ ನಾಟಕವನ್ನಿಡುವಾಗ ನುಡಿಗಟ್ಟು ಕಳಚಿಬೀಳುತ್ತದೆ, ಪ್ರಾಸ ಮುರಿಯುತ್ತದೆ, ಊರಿನ ಹೆಸರು ಅರ್ಥಹೀನವಾಗುತ್ತದೆ. ಲಯವೊಂದು ಮಾತ್ರ ಉಳಿಯುತ್ತದೆ. ಗಿರೀಶ ಕಾರ್ನಾಡರ ‘ತುಘಲಕ್’ ಮತ್ತು ‘ಹಯವದನ’ಗಳನ್ನು ಹಿಂದಿಗೆ ಭಾಷಾಂತರಿಸಿದವರು ಕಾರಂತರೇ. ಮೊದಲನೆಯದನ್ನು ಅಲ್ಕಾಜಿಯವರು ದೆಹಲಿಯ ಪುರಾನಾ ಕಿಲಾದ ಭಗ್ನ ಪ್ರಾಕಾರಗಳ ನಡುವೆ ಆಡಿಸಿದುದು ಇಂದಿಗೂ ಐತಿಹ್ಯದಂತೆ ಉಳಿದಿದೆ; ಎರಡನೆಯದನ್ನು 1972ರಲ್ಲಿ ಓಂ ಶಿವಪುರಿಯವರ ‘ದಿಶಾಂತರ್’ ತಂಡಕ್ಕಾಗಿ ಕಾರಂತರೇ ನಿರ್ದೇಶಿಸಿದರು. ಭಾಗವತನೂ ಹಾಡುಗಳೂ ಅರ್ಧಯಕ್ಷಗಾನವೂ ಬೆರೆತ ‘ಹಯವದನ’ವು ಹಿಂದಿಯ ಪ್ರೇಕ್ಷಕನಿಗೆ ಅನ್ಯವೆನಿಸದಿದ್ದುದಕ್ಕೆ, ಅನುವಾದದ ಸೌಷ್ಠವಕ್ಕಿಂತಲೂ, ಅನುವಾದದ ಅಗತ್ಯವೇ ಇಲ್ಲದ ಅದರ ಗತಿಯು ಹೆಚ್ಚು ಕಾರಣವೆಂದು ನಮಗೆ ತೋರುತ್ತದೆ. 1969ರಿಂದ 1972ರವರೆಗೆ ಕಾರಂತರು ದೆಹಲಿಯ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ಮಕ್ಕಳಿಗೆ ನಾಟಕ ಕಲಿಸುತ್ತಿದ್ದರು. ಚಪ್ಪಾಳೆ, ಮೇಜಿನ ಮೇಲಿನ ಕುಟ್ಟು, ಬಾಯಿಂದ ಹೊರಡಿಸುವ ಹಕ್ಕಿಯ ಕೂಗು, ಗಾಳಿಯ ಸುಯ್ಲು ಇವುಗಳಲ್ಲೇ ವಾದ್ಯಮೇಳವನ್ನು ಕಾಣಬಲ್ಲವರು ಮಕ್ಕಳಲ್ಲದೆ ಬೇರಾರು? ಮುಂದೆ ಕಾರಂತರ ಚಿತ್ರಗಳಲ್ಲಿ ಕೇಳಿಬರುವ ನಾದಗಳ ಪೂರ್ವಾಭ್ಯಾಸವು ಆ ಪಾಠಶಾಲೆಯ ಅಂಗಳದಲ್ಲಿ ನಡೆಯಿತೆಂದರೆ ಅತಿಶಯೋಕ್ತಿಯಾಗಲಾರದು.

ಕಾರಂತರು ಚಿತ್ರರಂಗಕ್ಕೆ ಬಂದಾಗ ಕನ್ನಡ ಚಿತ್ರಸಂಗೀತವು ದುರ್ಬಲವಾಗಿತ್ತೆಂದು ಯಾರೂ ಭ್ರಮಿಸಬಾರದು. ಜಿ. ಕೆ. ವೆಂಕಟೇಶ್, ವಿಜಯ ಭಾಸ್ಕರ್, ಟಿ. ಜಿ. ಲಿಂಗಪ್ಪ, ರಾಜನ್-ನಾಗೇಂದ್ರ ಮೊದಲಾದವರ ಕೈಯಲ್ಲಿ ಅದು ಯೌವನಾವಸ್ಥೆಯಲ್ಲಿತ್ತು. ಹಾಡು ಮೊದಲು, ಹಿನ್ನೆಲೆ ಸಂಗೀತ ಆಮೇಲೆ. ಮಟ್ಟು ಸಿದ್ಧವಾದ ಮೇಲೆ ಸಾಹಿತ್ಯ. ಧ್ವನಿಮುದ್ರಣಕ್ಕೆ ಮದರಾಸಿನ ಸ್ಟುಡಿಯೋಗಳು. ಈ ಕ್ರಮವು ಅನೇಕ ಮಧುರಗೀತೆಗಳನ್ನು ನಾಡಿಗೆ ಕೊಟ್ಟಿತು. 1970ರ ‘ಸಂಸ್ಕಾರ’ದಿಂದ ಆರಂಭವಾದ ಹೊಸ ಅಲೆಯ ಚಿತ್ರಗಳಿಗಾದರೋ ಈ ಕ್ರಮವು ಒಗ್ಗುವಂತಿರಲಿಲ್ಲ. ಅವುಗಳ ನಿರ್ಮಾತೃಗಳು ಬೇರೆಡೆಗೆ ದೃಷ್ಟಿ ಹಾಯಿಸಿದರು: ‘ಸಂಸ್ಕಾರ’ಕ್ಕೆ ಸರೋದ್ ವಾದಕರೂ ಇಂಗ್ಲಿಷ್ ಅಧ್ಯಾಪಕರೂ ಆದ ರಾಜೀವ ತಾರಾನಾಥರು, ಕಾರ್ನಾಡ ಮತ್ತು ಕಾರಂತರು ಜೊತೆಯಾಗಿ ನಿರ್ದೇಶಿಸಿದ ‘ವಂಶವೃಕ್ಷ’ಕ್ಕೆ (1971) ಸಿತಾರ್ ವಾದಕರಾದ ಭಾಸ್ಕರ ಚಂದಾವರ್ಕರರು ಸಂಗೀತವನ್ನೊದಗಿಸಿದರು. ತಾವೇ ನಿರ್ದೇಶಕರಲ್ಲೊಬ್ಬರಾದ ಚಿತ್ರಕ್ಕೆ ಕಾರಂತರು ಸಂಗೀತ ಕೊಡಲಿಲ್ಲವೆಂಬುದು ಗಮನಾರ್ಹ. ಆ ಚಿತ್ರಕ್ಕೆ ಅವರಿಬ್ಬರಿಗೂ ನಿರ್ದೇಶನದ ರಾಷ್ಟ್ರಪ್ರಶಸ್ತಿ ಬಂದಿತು.

ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿಯನ್ನು ಆಧರಿಸಿ ಕಾರ್ನಾಡರು ನಿರ್ದೇಶಿಸಿದ ‘ಕಾಡು’ (1973) ಕಾರಂತರ ಸಂಗೀತಕ್ಕೆ ಮೊದಲ ದೊಡ್ಡ ಅವಕಾಶವನ್ನು ಒದಗಿಸಿತು. ಎರಡು ಹಳ್ಳಿಗಳ ವೈರವನ್ನೂ ಮನೆಯೊಳಗಿನ ದಾಂಪತ್ಯದ ಬಿರುಕನ್ನೂ ಬಾಲಕನೊಬ್ಬನು ಕಾಣುತ್ತಾ ಹೋಗುವ, ಕಾಡಿನ ಹಕ್ಕಿಯು ಹೆಸರು ಹಿಡಿದು ಕರೆಯುತ್ತದೆಂಬ ಭಯವು ಉದ್ದಕ್ಕೂ ಹಬ್ಬಿರುವ ಇಂತಹ ಕಥೆಯಲ್ಲಿ ಸಂಗೀತಕಾರನ ಹೊಣೆಯು ರಾಗರಚನೆಗಿಂತಲೂ ಹೆಚ್ಚಾಗಿ ಭೀತಿಗೆ ಧ್ವನಿಯೊದಗಿಸುವುದಾಗಿರುತ್ತದೆ. ನಾದವೇ ಒಂದು ಪಾತ್ರವಾಗಬಹುದೆಂಬ ಈ ಸೂಚನೆಯು ಪೂರ್ಣಫಲವನ್ನಿತ್ತುದು ‘ಚೋಮನ ದುಡಿ’ಯಲ್ಲಿ (1975).

ಶಿವರಾಮ ಕಾರಂತರು 1933ರಲ್ಲಿ ಪ್ರಕಟಿಸಿದ ಈ ಕಾದಂಬರಿಯ ಹೆಸರೇ ಒಂದು ವಾದ್ಯದ ಹೆಸರು. ತುಂಡು ಭೂಮಿಯನ್ನು ಗೇಣಿಗೆ ಪಡೆದು ಬೇಸಾಯಗಾರನಾಗಬೇಕೆಂಬ ಚೋಮನ ಆಸೆಗೆ ಜಾತಿಯು ಅಡ್ಡಬರುತ್ತದೆ. ಎತ್ತುಗಳಿದ್ದರೂ ಉಳಲು ನೆಲವಿಲ್ಲ. ಸಾಲವು ಮಕ್ಕಳನ್ನೊಬ್ಬೊಬ್ಬರಾಗಿ ನುಂಗುತ್ತದೆ. ಧಣಿಯ ಮುಂದೆ ಆಡಲಾಗದ ಮಾತೆಲ್ಲವೂ ರಾತ್ರಿ ಗುಡಿಸಲಿನಲ್ಲಿ ದುಡಿಯ ಪೆಟ್ಟಾಗಿ ಹೊರಬೀಳುತ್ತದೆ. ಗ್ರಂಥವನ್ನೋದುವವನು ಆ ನಾದವನ್ನು ಕಲ್ಪಿಸಿಕೊಳ್ಳಬೇಕು. ಚಿತ್ರವನ್ನು ನೋಡುವವನಿಗೆ ಅದನ್ನು ಕೇಳಿಸಲೇಬೇಕು. ನಿರ್ದೇಶಕನೂ ಸಂಗೀತ ನಿರ್ದೇಶಕನೂ ಒಬ್ಬನೇ ಆಗಿದ್ದುದರ ಲಾಭ ಇಲ್ಲಿ ಸ್ಪಷ್ಟವಾಗಿದೆ. ಎಂ. ವಿ. ವಾಸುದೇವರಾಯರು ನಟಿಸಿದ ಚೋಮನು ದುಡಿಯನ್ನು ಬಾರಿಸುವಾಗ ಅದು ಮನರಂಜನೆಯೋ, ಕೋಪವೋ, ಅಳುವೋ ಎಂಬುದು ಪೆಟ್ಟಿನ ವೇಗ ಮತ್ತು ಭಾರಗಳಿಂದಲೇ ತಿಳಿಯುತ್ತದೆ; ಪಿಟೀಲುಗಳ ಗುಂಪನ್ನು ಕರೆತಂದು ಪ್ರೇಕ್ಷಕನ ಕಣ್ಣೀರನ್ನು ಬೇಡುವ ಪ್ರಮೇಯವೇ ಬರುವುದಿಲ್ಲ. ಮಂಚಿಯಲ್ಲಿ ಹುಟ್ಟಿ ಆ ಸೀಮೆಯ ಚರ್ಮವಾದ್ಯಗಳ ನಡುವೆ ಬೆಳೆದವರಿಗಲ್ಲದೆ ಇದು ಸುಲಭಸಾಧ್ಯವಲ್ಲ. ಚಿತ್ರವು ರಾಷ್ಟ್ರದ ಅತ್ಯುತ್ತಮ ಕಥಾಚಿತ್ರವೆಂದು ಸ್ವರ್ಣಕಮಲವನ್ನೂ, ವಾಸುದೇವರಾಯರು ಅತ್ಯುತ್ತಮ ನಟರೆಂಬ ಪ್ರಶಸ್ತಿಯನ್ನೂ ಪಡೆದರು. ಸಂಗೀತಕ್ಕೆ ಆ ವರ್ಷ ಮನ್ನಣೆ ಸಿಕ್ಕಲಿಲ್ಲ. ಆ ಪ್ರಶಸ್ತಿ ಅಸ್ಸಾಮಿನ ಭೂಪೇನ್ ಹಜಾರಿಕಾ ಅವರ ಪಾಲಿಗೆ ಹೋಯಿತು.

ಅದೇ ವರ್ಷದ ‘ಹಂಸಗೀತೆ’ಯು ಇದಕ್ಕೆ ಸಂಪೂರ್ಣ ವಿರುದ್ಧವಾದ ಪರೀಕ್ಷೆಯನ್ನೊಡ್ಡಿತು. ಚಿತ್ರದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನನ್ನು ಕುರಿತ ತ. ರಾ. ಸು. ಅವರ ಕಾದಂಬರಿಯನ್ನು ಚಿತ್ರಕ್ಕೆ ಅಳವಡಿಸಿದ ಜಿ. ವಿ. ಅಯ್ಯರರೂ ಗುಬ್ಬಿ ಕಂಪನಿಯಲ್ಲಿ ಪಳಗಿದವರೇ. ಇದೇ ಕಾದಂಬರಿಯು ಹಿಂದಿಯಲ್ಲಿ 1956ರಷ್ಟು ಹಿಂದೆಯೇ ‘ಬಸಂತ್ ಬಹಾರ್’ ಎಂಬ ಹೆಸರಿನಿಂದ ಬಂದಿದ್ದು, ಶಂಕರ್-ಜೈಕಿಶನ್ನರ ಸಂಗೀತದಲ್ಲಿ ಮನ್ನಾಡೇ ಅವರೊಡನೆ ಭೀಮಸೇನ ಜೋಶಿಯವರೂ ಅದರಲ್ಲಿ ಹಾಡಿದ್ದರು. ಅಲ್ಲಿ ಶಾಸ್ತ್ರೀಯ ಸಂಗೀತವು ಚಿತ್ರಗೀತೆಯ ಚೌಕಟ್ಟಿಗೆ ಬಾಗಿತು. ‘ಹಂಸಗೀತೆ’ಯಲ್ಲಿ ಚಿತ್ರವೇ ಶಾಸ್ತ್ರೀಯ ಸಂಗೀತದ ಕಾಲಪ್ರಮಾಣಕ್ಕೆ ಬಾಗಬೇಕಾಯಿತು. ಸಂಗೀತದ ಹೊಣೆಯನ್ನು ಕಾರಂತರು ಎಂ. ಬಾಲಮುರಳೀಕೃಷ್ಣರೊಡನೆ ಹಂಚಿಕೊಂಡರು, ಹಿನ್ನೆಲೆ ಗಾಯನಕ್ಕಾಗಿ ಬಾಲಮುರಳಿಯವರಿಗೆ ರಾಷ್ಟ್ರಪ್ರಶಸ್ತಿ ದೊರೆಯಿತು. ಇಂತಹ ಘನವಿದ್ವಾಂಸರು ಹಾಡುವಲ್ಲಿ ಮತ್ತೊಬ್ಬ ಸಂಗೀತ ನಿರ್ದೇಶಕನ ಕೆಲಸವೇನೆಂದು ಕೇಳಬಹುದು. ಯಾವಾಗ ಏನೂ ಕೇಳಿಸಬಾರದೆಂಬುದನ್ನು ನಿಶ್ಚಯಿಸುವುದೂ ಸಂಗೀತ ನಿರ್ದೇಶನವೇ. ರಂಗಭೂಮಿಯಲ್ಲಿ ನುರಿತವನಿಗೆ ಅದು ಕರಗತ.

1976ರ ಚಿತ್ರಗಳ ಪೈಕಿ ವಿ. ಆರ್. ಕೆ. ಪ್ರಸಾದರ ‘ಋಷ್ಯಶೃಂಗ’ಕ್ಕಾಗಿ ಕಾರಂತರಿಗೆ ಸಂಗೀತ ನಿರ್ದೇಶನದ ಮೊದಲ ರಾಷ್ಟ್ರಪ್ರಶಸ್ತಿ ಬಂದಿತು. 1967ರ ಚಿತ್ರಗಳಿಂದ ಆರಂಭವಾದ ಈ ಪ್ರಶಸ್ತಿಯು ಕನ್ನಡ ಚಿತ್ರವೊಂದಕ್ಕೆ ಸಂದುದು ಇದೇ ಮೊದಲು. ಕೃತಿ ಚಂದ್ರಶೇಖರ ಕಂಬಾರರದು. ಮಳೆ ತಪ್ಪಿದ ನಾಡಿಗೆ ಮಳೆಯನ್ನು ತರುವ ಪುರಾಣಕಥೆಗೆ ಉತ್ತರ ಕರ್ನಾಟಕದ ಹಳ್ಳಿಯ ನುಡಿಯನ್ನೂ ಲಾವಣಿಯ ಗತ್ತನ್ನೂ ತೊಡಿಸಿದುದು. ‘ಜೋಕುಮಾರಸ್ವಾಮಿ’ಯ ರಂಗಪ್ರಯೋಗದಲ್ಲಿ ಕಂಬಾರರ ಹಾಡುಗಳೊಡನೆ ಕಾರಂತರಿಗೆ ಆಗಲೇ ಒಡನಾಟವಿದ್ದಿತು. ಕರಾವಳಿಯವರಾದ ಕಾರಂತರಿಗೆ ಬಯಲಾಟದ ಸೀಮೆಯ ಸೊಲ್ಲು ಹುಟ್ಟಿನಿಂದ ಬಂದುದಲ್ಲ, ಕಲಿತು ಬಂದುದು. ಕಲಿತವನ ಎಚ್ಚರಿಕೆಯು ಅಲ್ಲಿ ಗುಣವಾಗಿಯೇ ಪರಿಣಮಿಸಿತು.

ಮರುವರ್ಷದ ‘ಘಟಶ್ರಾದ್ಧ’ವು ಬೇರೊಂದು ಲೋಕ. ಯು. ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು ನಿರ್ದೇಶಿಸಿದ ಈ ಪ್ರಥಮ ಕಥಾಚಿತ್ರವನ್ನು ಎಸ್. ರಾಮಚಂದ್ರರು ಕಪ್ಪು-ಬಿಳುಪಿನಲ್ಲಿ ಚಿತ್ರೀಕರಿಸಿದರು. ಮಲೆನಾಡಿನ ವೇದಪಾಠಶಾಲೆ, ಅಲ್ಲಿಗೆ ಹೊಸದಾಗಿ ಬಂದು ಸೇರುವ ಬಾಲಕ ನಾಣಿ, ಗುರುಗಳ ಮಗಳೂ ವಿಧವೆಯೂ ಆದ ಯಮುನಕ್ಕ, ಅವಳ ಗರ್ಭವು ರಟ್ಟಾಗುತ್ತಲೇ, ಬದುಕಿರುವವಳಿಗೆ ತಂದೆಯೇ ಶ್ರಾದ್ಧ ಮಾಡಿ ಮಡಕೆ ಒಡೆಯುವ ಕ್ರೌರ್ಯ. ಇದರಲ್ಲಿ ಹಾಡಿಗೆ ಎಡೆಯೆಲ್ಲಿ? ವಾದ್ಯವೃಂದಕ್ಕೂ ಎಡೆಯಿಲ್ಲ. ಬಾಲಕಂಠಗಳ ವೇದಪಾಠದ ಏಕರೀತಿಯ ಸ್ವರ, ಅದರ ಪವಿತ್ರತೆಯನ್ನು ಕದಡುವಂತೆ ಕತ್ತಲಿನಿಂದ ಏಳುವ ತಾಳವಾದ್ಯಗಳ ಬಡಿತ, ಮಲೆನಾಡಿನ ರಾತ್ರಿಯ ಸಹಜ ಸದ್ದುಗಳು, ಇವುಗಳನ್ನೇ ಒಂದರ ಎದುರಿಗೊಂದನ್ನು ನಿಲ್ಲಿಸಿ ಕಾರಂತರು ಸಂಗೀತವನ್ನು ಕಟ್ಟಿದರು. ಮಂತ್ರವೂ ತಮಟೆಯೂ ಪರಸ್ಪರ ಕೇಳಿಸಿಕೊಳ್ಳದೆ ಒಂದೇ ಊರಿನಲ್ಲಿ ವಾಸಿಸುವ ಸಮಾಜದ ವಿಷಯದಲ್ಲಿ ಚಿತ್ರವು ಹೇಳಬೇಕಾದುದನ್ನು ಅರ್ಧಾಂಶ ಈ ಮುಖಾಮುಖಿಯೇ ಹೇಳುತ್ತದೆ. ಇವರ ಸಮಸ್ತ ಚಿತ್ರಸಂಗೀತದಲ್ಲಿ ಯಾವುದು ಶ್ರೇಷ್ಠವೆಂದು ಆರಿಸಬೇಕಾಗಿ ಬಂದರೆ ಪ್ರಸ್ತುತ ಲೇಖಕನು ‘ಚೋಮನ ದುಡಿ’ಯನ್ನು ಪಕ್ಕಕ್ಕಿರಿಸಿ ‘ಘಟಶ್ರಾದ್ಧ’ವನ್ನೇ ಹೆಸರಿಸುವನು. ಅಲ್ಲಿ ವಾದ್ಯವು ಕಥೆಯಲ್ಲಿಯೇ ಇದ್ದಿತು, ಇಲ್ಲಿ ಅದನ್ನು ಹುಡುಕಬೇಕಾಯಿತು. ಚಿತ್ರಕ್ಕೆ ಸ್ವರ್ಣಕಮಲವೂ ಸಂಗೀತಕ್ಕೆ ಕಾರಂತರ ಎರಡನೆಯ ರಾಷ್ಟ್ರಪ್ರಶಸ್ತಿಯೂ ಲಭಿಸಿದವು. ಇದೇ 1977ರಲ್ಲಿ ಎಂ. ಎಸ್. ಸತ್ಯು ಅವರ ‘ಕನ್ನೇಶ್ವರ ರಾಮ’ಕ್ಕೂ ಇವರದೇ ಸಂಗೀತ.

ಆ ವರ್ಷವೇ ಕಾರಂತರು ಅಲ್ಕಾಜಿಯವರ ಉತ್ತರಾಧಿಕಾರಿಯಾಗಿ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕ ಪದವಿಗೆ ಬಂದು, 1981ರವರೆಗೆ ದೆಹಲಿಯಲ್ಲಿ ನೆಲೆಸಿದರು. ವಿದ್ಯಾರ್ಥಿಯಾಗಿ ಬಂದಿದ್ದ ಊರಿಗೆ, ನಡುವೆ ಶಾಲಾಶಿಕ್ಷಕರಾಗಿ ಮರಳಿ, ಈಗ ಮೂರನೆಯ ಬಾರಿಗೆ ಅಧಿಕಾರಸ್ಥರಾಗಿ ಬಂದಂತಾಯಿತು. ಶಾಲೆಯಿರುವ ಮಂಡಿ ಹೌಸಿನ ಪರಿಸರದ ನಾಟಕಗಳಿಗೆ ಅಲ್ಕಾಜಿಯವರು ಭವ್ಯತೆಯನ್ನು ಕೊಟ್ಟಿದ್ದರೆ, ಕಾರಂತರು ಹಾಡನ್ನೂ ಕುಣಿತವನ್ನೂ ಪ್ರಾದೇಶಿಕ ರಂಗಪ್ರಕಾರಗಳನ್ನೂ ತಂದರು. ಭಾರತೇಂದು ಹರಿಶ್ಚಂದ್ರರ ‘ಅಂಧೇರ್ ನಗರಿ’ಯನ್ನು ಆಡಿಸಿದರು, ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕವನ್ನು ರಘುವೀರ ಸಹಾಯರ ಹಿಂದಿ ಅನುವಾದದಲ್ಲಿ ‘ಬರ್ನಂ ವನ’ವೆಂಬ ಹೆಸರಿನಿಂದ, ಯಕ್ಷಗಾನದ ಶೈಲಿಯಲ್ಲಿ, 1979ರಲ್ಲಿ ರಂಗಕ್ಕೆ ತಂದರು. ಸ್ಕಾಟ್ಲೆಂಡಿನ ರಾಜಹತ್ಯೆಗೆ ದಕ್ಷಿಣ ಕನ್ನಡದ ಹೆಜ್ಜೆ, ಅದಕ್ಕೆ ಹಿಂದಿಯ ಕವಿವಾಣಿ, ಆಡುವವರು ನಾನಾ ಪ್ರಾಂತಗಳ ಯುವಕ ಯುವತಿಯರು! ಕೆಲವರಿಗೆ ಇದು ವಿಡಂಬನೆಯಂತೆ ಕಂಡುದೂ ಅಸ್ವಾಭಾವಿಕವಲ್ಲ.

ದೆಹಲಿಯ ಈ ಆಡಳಿತದ ಅವಧಿಯಲ್ಲಿಯೇ ಬಂಗಾಳದ ಮೃಣಾಲ್ ಸೇನರು ಕಾರಂತರನ್ನು ತಮ್ಮ ಚಿತ್ರಗಳಿಗೆ ಕರೆದರು. ‘ಪರಶುರಾಮ್’ (1978), ‘ಏಕ್ ದಿನ್ ಪ್ರತಿದಿನ್’ (1979), ಮುಂದೆ ‘ಖಾರಿಜ್’ (1982) ಎಂಬ ಮೂರು ಚಿತ್ರಗಳು ಈ ಸಹಯೋಗದ ಫಲ. ಸಲಿಲ್ ಚೌಧುರಿಯವರಂತಹ ಸಂಯೋಜಕರು ಕೈಗೆಟಕುವಂತಿದ್ದಾಗ, ಬಂಗಾಳಿ ಮಾತೃಭಾಷೆಯಲ್ಲದ ಕನ್ನಡಿಗನನ್ನು ಸೇನರು ಆರಿಸಿಕೊಂಡುದೇಕೆಂಬುದಕ್ಕೆ ಆ ಚಿತ್ರಗಳೇ ಉತ್ತರ. ದುಡಿದು ಮನೆಯನ್ನು ಸಲಹುವ ಹುಡುಗಿಯೊಬ್ಬಳು ಒಂದು ರಾತ್ರಿ ಮನೆಗೆ ಮರಳುವುದಿಲ್ಲ, ಮನೆಮಂದಿ ಕಾಯುತ್ತಾರೆ. ಕೆಲಸದ ಬಾಲಕನೊಬ್ಬನು ಚಳಿಯ ರಾತ್ರಿ ಬಾಗಿಲು ಮುಚ್ಚಿದ ಅಡುಗೆಮನೆಯಲ್ಲಿ ಮಲಗಿ ಉಸಿರುಗಟ್ಟಿ ಸಾಯುತ್ತಾನೆ. ಯಜಮಾನರು ಸಬೂಬು ಹುಡುಕುತ್ತಾರೆ. ಮಧ್ಯಮವರ್ಗದ ಮನೆಯ ಈ ಇಕ್ಕಟ್ಟಿನಲ್ಲಿ ರಾಗವು ಒಂದಿಷ್ಟು ಹೆಚ್ಚಾದರೂ ಕರುಣೆ ಅಗ್ಗವಾಗುತ್ತದೆ. ಕಾಯುವಿಕೆಯನ್ನು ಕೇಳಿಸಬಲ್ಲ, ಮಿತಭಾಷಿಯಾದ ಸಂಗೀತಕಾರನು ಅಲ್ಲಿಗೆ ಬೇಕಾಗಿದ್ದನು. ‘ಖಾರಿಜ್’ 1983ರ ಕಾನ್ ಚಿತ್ರೋತ್ಸವದಲ್ಲಿ ತೀರ್ಪುಗಾರರ ಬಹುಮಾನವನ್ನು ಪಡೆಯಿತು. ತುಳುನಾಡಿನ ಲಯಜ್ಞಾನವು ಕಲ್ಕತ್ತೆಯ ಗಲ್ಲಿಗಳ ಚಿತ್ರಕ್ಕೂ ಒದಗಿತೆಂದರೆ, ಅದು ಹುಟ್ಟೂರಿನ ಸೊಗಡನ್ನು ಕಳಚಿಕೊಂಡು ಶುದ್ಧ ನಾದವಾಗಿ ಪರಿಷ್ಕಾರ ಹೊಂದಿದ್ದಿರಬೇಕು. ಅದು ದೆಹಲಿಯಲ್ಲಿ ಅನ್ಯಭಾಷಿಕರ ನಡುವೆ ಕಳೆದ ವರ್ಷಗಳ ಪರಿಣಾಮವೆಂಬುದು ನಮ್ಮ ಅಭಿಪ್ರಾಯ.

ಕಾರಂತರ ಕಾರ್ಯವಿಧಾನದ ಬಗ್ಗೆ ಎರಡು ಮಾತು. ವಾದ್ಯವೆಂಬುದಕ್ಕೆ ಅವರಲ್ಲಿ ಎಲ್ಲೆಯಿರಲಿಲ್ಲ: ಕಲ್ಲು, ಬಿದಿರು, ತಗಡು, ನಟನ ಗಂಟಲು ಎಲ್ಲವೂ ಸಮಯಕ್ಕೊದಗುವ ವಾದ್ಯಗಳೇ. ಶಾಸ್ತ್ರೀಯ ರಾಗವನ್ನು ಬಲ್ಲವರಾಗಿಯೂ ಅದನ್ನು ಪ್ರದರ್ಶಿಸುವ ಚಪಲ ಅವರಿಗಿರಲಿಲ್ಲ. ಇದಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕು. ಸನ್ನಿವೇಶದಿಂದ ಬೇರ್ಪಡಿಸಿದೊಡನೆ ಈ ಸಂಗೀತದ ಬಹುಭಾಗವು ನಿರ್ಜೀವವಾಗುತ್ತದೆ. ಬಾನುಲಿಯಲ್ಲಿ ಬರಲಿಲ್ಲ, ಮದುವೆಮನೆಯ ಧ್ವನಿವರ್ಧಕವನ್ನು ಏರಲಿಲ್ಲ, ವಿಜಯ ಭಾಸ್ಕರರ ಹಾಡನ್ನು ಗುನುಗುವಂತೆ ಕಾರಂತರ ಹಿನ್ನೆಲೆ ಸಂಗೀತವನ್ನು ಯಾರೂ ಗುನುಗಲಾರರು. ಚಿತ್ರಸಂಗೀತವು ಚಿತ್ರದ ಹೊರಗೂ ಬದುಕಬೇಕೆಂಬ ಮಾನದಂಡವನ್ನು ಹಿಡಿದರೆ ಕಾರಂತರು ಸೋತವರೇ. ವಿಚಿತ್ರವೆಂದರೆ, ಗುನುಗಬಹುದಾದ ಹಾಡುಗಳನ್ನು ಅವರು ಹೇರಳವಾಗಿ ಕೊಟ್ಟರು, ಆದರೆ ನಾಟಕಕ್ಕೆ. ‘ಜೋಕುಮಾರಸ್ವಾಮಿ’, ಜಡಭರತರ ‘ಸತ್ತವರ ನೆರಳು’ ಮೊದಲಾದವುಗಳ ರಂಗಗೀತೆಗಳನ್ನು ಹವ್ಯಾಸಿ ತಂಡಗಳು ಇಂದಿಗೂ ಹಾಡುತ್ತವೆ. ಮಟ್ಟು ಕಟ್ಟುವ ಶಕ್ತಿಯಿದ್ದೂ ಚಿತ್ರದಲ್ಲಿ ಅದನ್ನು ತಡೆಹಿಡಿದರೆಂಬುದರಿಂದ, ಅವರ ಮೌನವು ದಾರಿದ್ರ್ಯದಿಂದ ಬಂದುದಲ್ಲವೆಂಬುದು ಸಿದ್ಧವಾಗುತ್ತದೆ.

1981ರಲ್ಲಿ ಪದ್ಮಶ್ರೀ ಬಂದಿತು. ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಯು 1976ರಲ್ಲಿಯೇ ಸಂದಿತ್ತು. ದೆಹಲಿಯನ್ನು ಬಿಟ್ಟ ಮೇಲೆ ಭೋಪಾಲದ ಭಾರತ ಭವನದ ರಂಗಮಂಡಲ, 1989ರಿಂದ 1995ರವರೆಗೆ ಮೈಸೂರಿನ ರಂಗಾಯಣ. ಚಿತ್ರಸಂಗೀತಕ್ಕೆ ಬಿಡುವು ವಿರಳವಾಯಿತು. ದೆಹಲಿಯ ಅದೇ ನಾಟಕ ಶಾಲೆಯಲ್ಲಿ ಕಲಿತ ಪತ್ನಿ ಪ್ರೇಮಾ ಕಾರಂತರು ಎಂ. ಕೆ. ಇಂದಿರಾ ಅವರ ಕಾದಂಬರಿಯಿಂದ ನಿರ್ದೇಶಿಸಿದ ‘ಫಣಿಯಮ್ಮ’ (1983) ಈ ಕಾಲದ ಉಲ್ಲೇಖನೀಯ ಕೃತಿ; ಬಾಲವಿಧವೆಯೊಬ್ಬಳ ದೀರ್ಘವಾದ, ದೂರಿಲ್ಲದ ಬಾಳಿಗೆ ಕಾರಂತರ ಸಂಗೀತವು ದನಿಯೇರಿಸದೆ ಜೊತೆಗೊಟ್ಟಿತು. ರಂಗಭೂಮಿಯಲ್ಲಿ ಮಾತ್ರ ದುಡಿಮೆ ನಿಲ್ಲಲಿಲ್ಲ. ನೂರಕ್ಕೂ ಮಿಕ್ಕ ನಾಟಕಗಳನ್ನು, ಬಹುಪಾಲು ಕನ್ನಡ ಹಿಂದಿಗಳಲ್ಲಿ, ನಿರ್ದೇಶಿಸಿದ ಕಾರಂತರು 2002ರ ಸೆಪ್ಟೆಂಬರ್ 1ರಂದು ಬೆಂಗಳೂರಿನಲ್ಲಿ ನಿಧನರಾದರು. ಅವರು ಹೇಳಿದ ಆತ್ಮಕಥನವನ್ನು ವೈದೇಹಿಯವರು ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’ ಎಂಬ ಹೆಸರಿನಿಂದ ನಿರೂಪಿಸಿದ್ದಾರೆ. ರಾಮಚಂದ್ರ ಪಿ. ಎನ್. ಅವರು ಫಿಲ್ಮ್ಸ್ ಡಿವಿಷನ್ನಿಗಾಗಿ ಕಾರಂತರನ್ನು ಕುರಿತು ಸಾಕ್ಷ್ಯಚಿತ್ರವೊಂದನ್ನು ತಯಾರಿಸಿದರು. ‘ಘಟಶ್ರಾದ್ಧ’ದ ಪುನರುಜ್ಜೀವಿತ ಪ್ರತಿಯು ಫಿಲ್ಮ್ ಹೆರಿಟೇಜ್ ಫೌಂಡೇಷನ್ ಮತ್ತು ಮಾರ್ಟಿನ್ ಸ್ಕಾರ್ಸೆಸೆಯವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟಿನ ಪ್ರಯತ್ನದಿಂದ ಸಿದ್ಧವಾಗಿ, 2024ರಲ್ಲಿ ವೆನಿಸ್ ಚಿತ್ರೋತ್ಸವದ ಅಭಿಜಾತ ವಿಭಾಗದಲ್ಲಿ ಪ್ರದರ್ಶಿತವಾಯಿತು.